ಬೈಪಾಸ್‌ಗೆ ಮುನ್ನ ಕಿಡ್ನಿಯ ಲೆಕ್ಕವನ್ನೂ ಕೇಳಿ

ಆಂಜಿಯೋಗ್ರಾಮ್ ಮುಗಿದಿದೆ. ಮೂರು ಕಡೆ ಬ್ಲಾಕ್ ಇದೆ, ಸ್ಟೆಂಟ್‌ನಿಂದ ಆಗುವ ಕೆಲಸವಲ್ಲ, ಬೈಪಾಸ್ ಮಾಡಿಸಿ ಎಂದಿದ್ದಾರೆ ಡಾಕ್ಟರು. ಆ ಸಂಜೆಯಿಂದ ಮನೆಯ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತದೆ. ವಿಚಾರಿಸುವವರಲ್ಲಿ ಒಬ್ಬರಾದರೂ ಈ ಮಾತು ಹೇಳಿಯೇ ಹೇಳುತ್ತಾರೆ: “ಮಷಿನ್ ಇಟ್ಟು ಮಾಡಿಸ್ಬೇಡಿ, ಕಿಡ್ನಿ ಹೋಗುತ್ತೆ. ಬೀಟಿಂಗ್ ಹಾರ್ಟ್ ಅಂತ ಮಾಡ್ತಾರಲ್ಲ, ಅದನ್ನೇ ಕೇಳಿ.”

ನಮ್ಮ ಭಾವನಿಗೆ ಬೈಪಾಸ್ ಎಂದಾಗ ನಮ್ಮ ಮನೆಗೂ ಈ ಮಾತು ಬಂತು. ಅವರಿಗೆ ಆಗ 64 ವರ್ಷ, ಸಕ್ಕರೆ ಕಾಯಿಲೆಗೆ ಹದಿನೈದು ವರ್ಷ. ಮಷಿನ್ನೋ, ಮಷಿನ್ ಇಲ್ಲದೆಯೋ ಎಂದು ನಾವು ಎರಡು ದಿನ ಚರ್ಚೆ ಮಾಡಿದೆವು. ಅವರ ರಕ್ತಪರೀಕ್ಷೆಯ ಹಾಳೆಯಲ್ಲಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.4 ಎಂದು ಬರೆದಿತ್ತು. “ಸ್ವಲ್ಪ ಜಾಸ್ತಿ ಅಷ್ಟೆ” ಎಂದುಕೊಂಡು ಹಾಳೆ ಮಡಚಿಟ್ಟೆವು. ನೋಡಬೇಕಿದ್ದುದು ಆ ಅಂಕಿಯನ್ನು. ನಾವು ಜಗಳವಾಡಿದ್ದು ಯಂತ್ರದ ಬಗ್ಗೆ. ಅದೇ ತಪ್ಪನ್ನು ಇನ್ನೊಂದು ಮನೆ ಮಾಡದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಬೈಪಾಸ್‌ನಲ್ಲಿ ಎಷ್ಟು ಬಗೆ?

ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಯಂತ್ರವನ್ನು ಇಟ್ಟುಕೊಂಡು ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ ನಡೆಸಿದವರು ಅಮೆರಿಕದ ಜಾನ್ ಗಿಬ್ಬನ್, 1953ರಲ್ಲಿ. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಕಸಿ ಮಾಡುವ ವಿಧಾನವನ್ನು ಕ್ಲೀವ್‌ಲೆಂಡ್‌ನಲ್ಲಿ ರೆನೆ ಫಾವಲೋರೊ 1967ರಲ್ಲಿ ನೆಲೆಗೊಳಿಸಿದರು. ನಮ್ಮ ದೇಶದ ಮೊದಲ ಬೈಪಾಸ್ 1975ರಲ್ಲಿ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರ ಕೈಯಲ್ಲಿ ಆಯಿತು. ಇತಿಹಾಸ ಇಷ್ಟು ಸಾಕು.

ಇವತ್ತು ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಹೃದಯವನ್ನು ಔಷಧಿಯಿಂದ ನಿಲ್ಲಿಸಿ, ರಕ್ತವನ್ನೆಲ್ಲ ಯಂತ್ರದ ಮೂಲಕ ಹಾಯಿಸಿ, ಅಲುಗಾಡದ ಹೃದಯದ ಮೇಲೆ ನಾಳ ಹೊಲಿಯುತ್ತಾರೆ. ಇದು ‘ಆನ್ ಪಂಪ್’. ಇನ್ನೊಂದರಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ. ಹೊಲಿಯುವ ಜಾಗವನ್ನು ಮಾತ್ರ ಪುಟ್ಟ ಉಪಕರಣವೊಂದು ಅದುಮಿ ಹಿಡಿದಿರುತ್ತದೆ. ಇದೇ ‘ಆಫ್ ಪಂಪ್’, ಜನರ ಬಾಯಲ್ಲಿ ಬೀಟಿಂಗ್ ಹಾರ್ಟ್. ಪಾಶ್ಚಾತ್ಯ ದೇಶಗಳಲ್ಲಿ ಬಹುಪಾಲು ಬೈಪಾಸ್ ಪಂಪ್ ಇಟ್ಟೇ ನಡೆದರೆ, ಭಾರತದಲ್ಲಿ ಆಫ್ ಪಂಪ್ ಬಳಕೆ ಅಲ್ಲಿಗಿಂತ ಬಹಳ ಹೆಚ್ಚು. ಪಂಪ್‌ನ ಆಸರೆ ಇದ್ದೂ ಹೃದಯ ನಿಲ್ಲಿಸದೆ ಮಾಡುವುದು, ಎದೆಯ ಪಕ್ಕದಲ್ಲಿ ಚಿಕ್ಕ ಗಾಯ ಮಾಡಿ ಒಂದೆರಡು ನಾಳ ಮಾತ್ರ ಜೋಡಿಸುವುದು, ಒಂದು ನಾಳಕ್ಕೆ ಕಸಿ ಮತ್ತೊಂದಕ್ಕೆ ಸ್ಟೆಂಟ್ ಹಾಕುವುದು, ಇಂಥ ನಡುದಾರಿಗಳೂ ಇವೆ. ಯಾವುದು ಯಾರಿಗೆ ಎಂಬುದು ಬ್ಲಾಕ್ ಎಲ್ಲಿದೆ, ಹೃದಯದ ಬಲ ಎಷ್ಟಿದೆ ಎಂಬುದರ ಮೇಲೆ ನಿಲ್ಲುತ್ತದೆ.

ಹೃದಯದ ಆಪರೇಷನ್ನಿಗೆ ಕಿಡ್ನಿಗೇಕೆ ಪೆಟ್ಟು?

ಎರಡೂ ಕಿಡ್ನಿ ಸೇರಿದರೂ ಮೈತೂಕದ ನೂರನೇ ಒಂದು ಪಾಲಿಲ್ಲ. ಆದರೂ ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ, ಎಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಅವಕ್ಕೇ ಹೋಗುತ್ತದೆ. ಇಷ್ಟು ರಕ್ತ ಬಂದರೂ ಕಿಡ್ನಿಯ ಒಳಪದರಕ್ಕೆ ಸಿಗುವ ಆಮ್ಲಜನಕ ಸಹಜ ಸ್ಥಿತಿಯಲ್ಲೇ ಬಲು ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರಾಯಚೂರಿನ ರೈತರನ್ನು ನೆನಪಿಸಿಕೊಳ್ಳಿ. ಕಾಲುವೆ ತುಂಬಿ ಹರಿದಾಗಲೂ ಅವರ ಹೊಲಕ್ಕೆ ಬರುವ ನೀರು ಅಷ್ಟಕ್ಕಷ್ಟೆ. ಮೇಲೆ ಒಂದಡಿ ಕಡಿಮೆಯಾದರೆ ಮೊದಲು ಒಣಗುವುದು ಅವರ ಭತ್ತವೇ. ಕಿಡ್ನಿಯ ಒಳಪದರ ಅಂಥ ಕೊನೆಯ ಹೊಲ. ರಕ್ತದೊತ್ತಡ ಸ್ವಲ್ಪ ಹೊತ್ತು ಕುಸಿದರೂ ಅದಕ್ಕೆ ತಟ್ಟುತ್ತದೆ.

ಪಂಪ್ ಇಟ್ಟಾಗ ಇದಕ್ಕೆ ಇನ್ನೂ ಕೆಲವು ಹೊರೆ ಸೇರುತ್ತವೆ. ಯಂತ್ರ ರಕ್ತವನ್ನು ನಾಡಿಯ ಮಿಡಿತವಿಲ್ಲದೆ ಒಂದೇ ಸಮನೆ ಹರಿಸುತ್ತದೆ. ಯಂತ್ರದ ಕೊಳವೆಗಳಲ್ಲಿ ಮೊದಲೇ ತುಂಬಿಸಿಟ್ಟ ದ್ರವ ಬೆರೆತು ರಕ್ತ ತೆಳುವಾಗುತ್ತದೆ. ತೆಳುವಾದ ರಕ್ತ ಹೊರುವ ಆಮ್ಲಜನಕವೂ ಕಡಿಮೆ. ಕೊಳವೆ, ರೋಲರುಗಳ ನಡುವೆ ಕೆಂಪು ರಕ್ತಕಣಗಳು ಒಡೆದು, ಹೊರಬಿದ್ದ ಹಿಮೋಗ್ಲೋಬಿನ್ ಕಿಡ್ನಿಯ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ ಬಿಡಿಸುವಾಗ ಅಲ್ಲಿ ಕೂತಿದ್ದ ಕೊಬ್ಬಿನ ಚೂರುಗಳು ಕೆಳಗೆ ಹರಿಯಬಹುದು. ಪ್ಲಾಸ್ಟಿಕ್ ಮೇಲ್ಮೈಯನ್ನು ಮುಟ್ಟಿದ ರಕ್ತ ಇಡೀ ಮೈಯಲ್ಲಿ ಉರಿಯೂತ ಎಬ್ಬಿಸುತ್ತದೆ.

ಆಫ್ ಪಂಪ್‌ನಲ್ಲಿ ಇವು ಬಹುಮಟ್ಟಿಗೆ ಇಲ್ಲ. ಆದರೆ ಹೃದಯದ ಹಿಂಬದಿಯ ನಾಳಕ್ಕೆ ಹೊಲಿಗೆ ಹಾಕಬೇಕಾದರೆ ಬಡಿಯುತ್ತಿರುವ ಹೃದಯವನ್ನೇ ಎತ್ತಿ ತಿರುಗಿಸಬೇಕು. ಆಗ ಕೆಲವು ನಿಮಿಷ ರಕ್ತದೊತ್ತಡ ಇಳಿಯುತ್ತದೆ. ರಕ್ತಸ್ರಾವ, ಸೋಂಕು, ಅರಿವಳಿಕೆಯಿಂದ ಇಳಿಯುವ ಬಿಪಿ, ಹತ್ತಾರು ಔಷಧಿಗಳು ಎರಡೂ ದಾರಿಯಲ್ಲಿ ಇದ್ದದ್ದೇ.

ದೊಡ್ಡ ಅಧ್ಯಯನಗಳು ಕೊಟ್ಟ ಉತ್ತರ

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು ‘ಕರೋನರಿ’ ಹೆಸರಿನ ಅಧ್ಯಯನ. ಕೆನಡಾದ ಆಂದ್ರೆ ಲಾಮಿ ಇದರ ಮುಂದಾಳು. ಭಾರತವೂ ಸೇರಿ 19 ದೇಶಗಳ 79 ಆಸ್ಪತ್ರೆಗಳು, 4752 ರೋಗಿಗಳು. ಯಾರಿಗೆ ಪಂಪ್, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. 2012ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ, ಆಪರೇಷನ್ನಾದ 30 ದಿನದೊಳಗೆ ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದವರು ಆಫ್ ಪಂಪ್‌ನಲ್ಲಿ ನೂರಕ್ಕೆ 28, ಆನ್ ಪಂಪ್‌ನಲ್ಲಿ 32. ಡಯಾಲಿಸಿಸ್ ಬೇಕಾದವರು ಎರಡೂ ಗುಂಪಿನಲ್ಲಿ ನೂರಕ್ಕೆ ಒಬ್ಬರಷ್ಟೆ.

ಇದರಲ್ಲೇ 2932 ಮಂದಿಯ ಕಿಡ್ನಿಯನ್ನು ಒಂದು ವರ್ಷ ಹಿಂಬಾಲಿಸಿ ನೋಡಿ 2014ರಲ್ಲಿ ವರದಿ ಮಾಡಿದರು. ಇಲ್ಲಿ ಪೆಟ್ಟನ್ನು ಅಳೆದ ಮಾನದಂಡ ಬೇರೆ: ಮೊದಲ ತಿಂಗಳ ಪೆಟ್ಟು ಆಫ್ ಪಂಪ್‌ನಲ್ಲಿ 17.5, ಆನ್ ಪಂಪ್‌ನಲ್ಲಿ 20.8 ಪ್ರತಿಶತ. ವರ್ಷ ಕಳೆದ ಮೇಲೆ ಕಿಡ್ನಿಯ ಶಕ್ತಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಂದಿದವರು ಆಫ್ ಪಂಪ್‌ನಲ್ಲಿ 17.1, ಆನ್ ಪಂಪ್‌ನಲ್ಲಿ 15.3. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ಮೊದಲೇ ಕಿಡ್ನಿ ದುರ್ಬಲವಿದ್ದವರಿಗೆ ಆರಂಭದ ದಿನಗಳಲ್ಲಿ ಆಫ್ ಪಂಪ್‌ನಿಂದ ಲಾಭ ಹೆಚ್ಚು ಸಿಕ್ಕಿತು. ವರ್ಷದ ಕೊನೆಗೆ ಅವರಲ್ಲೂ ವ್ಯತ್ಯಾಸ ಉಳಿಯಲಿಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2203 ಮಂದಿಯ ಮೇಲೆ ನಡೆದ ‘ರೂಬಿ’ ಅಧ್ಯಯನದಲ್ಲಿ ಆಫ್ ಪಂಪ್‌ನಲ್ಲಿ ಜೋಡಿಸಿದ ನಾಳಗಳು ಹೆಚ್ಚು ಮುಚ್ಚಿಹೋದವು. ಐದು ವರ್ಷದ ನಂತರ ಸಾವೂ ಆ ಗುಂಪಿನಲ್ಲೇ ಹೆಚ್ಚಿತ್ತು: 15.2 ಪ್ರತಿಶತ, ಆನ್ ಪಂಪ್‌ನಲ್ಲಿ 11.9. ಅಲ್ಲಿನ ಶಸ್ತ್ರವೈದ್ಯರಿಗೆ ಬಡಿಯುವ ಹೃದಯದ ಮೇಲೆ ಕೈ ಪಳಗಿರಲಿಲ್ಲ ಎಂಬ ಟೀಕೆ ಬಂತು. ಅನುಭವಿಗಳನ್ನೇ ಆರಿಸಿಕೊಂಡಿದ್ದ ಕರೋನರಿ ಅಧ್ಯಯನದಲ್ಲಿ ಐದು ವರ್ಷದ ನಂತರವೂ ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ಅಂತರ ಕಾಣಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು: ಕಿಡ್ನಿಯ ನೆಪದಲ್ಲಿ ಸರ್ಜನ್ ಮೇಲೆ ವಿಧಾನವನ್ನು ಹೇರಬೇಡಿ. ಅವರ ಕೈಗೆ ಚೆನ್ನಾಗಿ ಕೂತಿರುವ ವಿಧಾನವೇ ರೋಗಿಗೆ ಒಳ್ಳೆಯದು. ಕಿಡ್ನಿ ಮೊದಲೇ ಸೋತಿದ್ದರೆ ಮಾತ್ರ ಆಫ್ ಪಂಪ್ ಸಾಧ್ಯವೇ ಎಂದು ಕೇಳುವುದಕ್ಕೆ ಅರ್ಥವಿದೆ. ಕಿಡ್ನಿಗಾಗಿ ಮನೆಯವರು ಮಾಡಬಹುದಾದ ಹೆಚ್ಚಿನ ಕೆಲಸ ಇರುವುದು ಆಪರೇಷನ್ನಿನ ಹಿಂದಿನ ವಾರಗಳಲ್ಲಿ, ನಂತರದ ತಿಂಗಳುಗಳಲ್ಲಿ.

ಆಪರೇಷನ್ನಿಗೆ ಮುನ್ನ

1. ಕ್ರಿಯಾಟಿನಿನ್ ಒಂದನ್ನೇ ನೋಡಬೇಡಿ, ‘ಇಜಿಎಫ್‌ಆರ್’, ಎಂದರೆ ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಎಂಬ ಅಂದಾಜು, ಕೇಳಿ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ. ಮೈಕಟ್ಟು ದೊಡ್ಡದಿದ್ದರೆ ಕಸ ಹೆಚ್ಚು, ವಯಸ್ಸಾಗಿ ಸೊರಗಿದ್ದರೆ ಕಡಿಮೆ. ಒಂದೇ ಅಂಕಿ ಇಬ್ಬರಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. 35 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.2 ಇದ್ದರೆ ಇಜಿಎಫ್‌ಆರ್ ಸುಮಾರು 80. ಅದೇ 1.2 ಅಂಕಿ 68 ವರ್ಷದ ಹೆಂಗಸಿಗೆ ಇದ್ದರೆ ಇಜಿಎಫ್‌ಆರ್ 50ರ ಆಸುಪಾಸು. 60ಕ್ಕಿಂತ ಕೆಳಗಿನ ಸ್ಥಿತಿ ಮೂರು ತಿಂಗಳು ಮೀರಿ ಉಳಿದರೆ ಅದು ಕಿಡ್ನಿ ಕಾಯಿಲೆ. ನಮ್ಮ ಭಾವನ 1.4ಕ್ಕೆ ಲೆಕ್ಕ ಹಾಕಿದರೆ 56 ಬರುತ್ತಿತ್ತು. ಹಾಕಿದವರು ಯಾರು?

2. ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗಂತೂ ಇದು ಬೇಕೇ ಬೇಕು. ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮೊದಲೇ ಆಲ್ಬುಮಿನ್ ಸೋರಲು ಶುರುವಾಗಿರುತ್ತದೆ. ಗ್ರಾಮ್ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಮ್ ದಾಟಿದ್ದರೆ ಶಸ್ತ್ರವೈದ್ಯರಿಗೆ ತೋರಿಸಿ.

3. ಆಂಜಿಯೋಗ್ರಾಮ್‌ಗೂ ಆಪರೇಷನ್ನಿಗೂ ನಡುವೆ ಎಷ್ಟು ದಿನ ಎಂದು ಕೇಳಿ. ಆಂಜಿಯೋಗ್ರಾಮ್‌ನಲ್ಲಿ ಬಿಡುವ ಡೈ ಕೂಡ ಕಿಡ್ನಿಗೆ ಹೊರೆ. ಅದರಿಂದ ಕ್ರಿಯಾಟಿನಿನ್ ಏರುವುದಾದರೆ ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಏರುತ್ತದೆ. ತುರ್ತು ಇಲ್ಲದಿದ್ದರೆ, ಡೈ ಕೊಟ್ಟ ಮೇಲಿನ ಕ್ರಿಯಾಟಿನಿನ್ ಇಳಿದದ್ದನ್ನು ನೋಡಿ ಆಪರೇಷನ್ ಮಾಡುವುದು ಒಳ್ಳೆಯದು. ಎದೆನೋವು ನಿಲ್ಲದಿದ್ದರೆ, ಎಡಗಡೆಯ ಮುಖ್ಯ ನಾಳವೇ ಕಟ್ಟಿದ್ದರೆ ಕಾಯುತ್ತ ಕೂರುವಂತಿಲ್ಲ. ಅಲ್ಲಿ ಹೃದಯದ ಮಾತೇ ಮುಂದು.

4. ಮಾತ್ರೆಗಳ ಪಟ್ಟಿಯನ್ನು ಬರೆದು ಒಯ್ಯಿರಿ. ‘ಇರೋದೆಲ್ಲಾ ಶುಗರ್, ಬಿಪಿ ಮಾತ್ರೆ’ ಎಂದರೆ ಸಾಲದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳನ್ನು ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಸಕ್ಕರೆ ಪ್ರಮಾಣ ಸರಿ ಇದ್ದಂತೆ ಕಂಡರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಮೆಟ್‌ಫಾರ್ಮಿನ್, ‘ಪ್ರಿಲ್’ ಮತ್ತು ‘ಸಾರ್ಟನ್’ ಎಂದು ಕೊನೆಯಾಗುವ ಬಿಪಿ ಮಾತ್ರೆಗಳು (ರಾಮಿಪ್ರಿಲ್, ಟೆಲ್ಮಿಸಾರ್ಟನ್, ಲೋಸಾರ್ಟನ್) ಯಾವಾಗ ನಿಲ್ಲಬೇಕು ಎಂದು ಅರಿವಳಿಕೆ ವೈದ್ಯರು ಹೇಳುತ್ತಾರೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಆಸ್ಪಿರಿನ್ ವಿಷಯವನ್ನು ಪ್ರತ್ಯೇಕವಾಗಿ ಕೇಳಿ.

5. ರಕ್ತಹೀನತೆ ಇದ್ದರೆ ಹೇಳಿ. ಮೊದಲೇ ಕಡಿಮೆಯಿದ್ದ ಹಿಮೋಗ್ಲೋಬಿನ್ ಪಂಪ್‌ನ ದ್ರವ ಬೆರೆತು ಇನ್ನೂ ಇಳಿಯುತ್ತದೆ. ಎರಡು ಮೂರು ವಾರ ಸಮಯವಿದ್ದರೆ ಕಬ್ಬಿಣಾಂಶ ಸರಿಮಾಡಿಕೊಳ್ಳಲು ಅವಕಾಶವಿದೆ.

6. ಬೀಡಿ, ಸಿಗರೇಟು ಇವತ್ತೇ ಬಿಡಿ.

ಆಸ್ಪತ್ರೆಯೊಳಗೆ

ಐಸಿಯುವಿಗೆ ಹೋದಾಗ ಮಾನಿಟರಿನ ಹಸಿರು ಗೆರೆಯನ್ನು ಎಲ್ಲರೂ ನೋಡುತ್ತಾರೆ. ಮಂಚದ ಕೆಳಗೆ ತೂಗುಬಿದ್ದ ಚೀಲದ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಮೂತ್ರದ ಕೊಳವೆಗೂ ಆ ಚೀಲಕ್ಕೂ ನಡುವೆ ಗೆರೆ ಹಾಕಿದ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಗಂಟೆ ತುಂಬಿದ ಕೂಡಲೇ ಸಿಸ್ಟರ್ ಬಗ್ಗಿ, ಡಬ್ಬಿಯ ಗೆರೆ ಓದಿ, ಹಾಳೆಯಲ್ಲಿ ಬರೆದು, ಮೂತ್ರವನ್ನು ಚೀಲಕ್ಕೆ ಇಳಿಸುತ್ತಾರೆ. ಹಗಲೂ ರಾತ್ರಿ ಇದೇ. ನಮ್ಮ ಭಾವನ ಹಾಳೆಯಲ್ಲಿ ಎರಡನೆಯ ರಾತ್ರಿ 60, 45, 30, 25, 20 ಎಂದು ಅಂಕಿ ಇಳಿಯುತ್ತ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ನನಗೆ ಆಗ ಅದರ ಅರ್ಥ ಗೊತ್ತಿರಲಿಲ್ಲ. ಸಿಸ್ಟರ್‌ಗೆ ಗೊತ್ತಿತ್ತು. ಅವರು ಡ್ಯೂಟಿ ಡಾಕ್ಟರನ್ನು ಎಬ್ಬಿಸಿದರು.

7. ಮೂತ್ರದ ಲೆಕ್ಕ ತಿಳಿದಿರಲಿ. ಮೈತೂಕದ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್, ಇದು ಕೆಳಗಿನ ಗಡಿ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿ. ಆರು ಗಂಟೆ ಇದಕ್ಕಿಂತ ಕಡಿಮೆಯಾದರೆ, ಅಥವಾ 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಿದರೆ, ಅಥವಾ ಒಂದು ವಾರದಲ್ಲಿ ಮೊದಲಿದ್ದುದರ ಒಂದೂವರೆ ಪಟ್ಟಾದರೆ, ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದೆ ಎಂದು ವೈದ್ಯರು ತೀರ್ಮಾನಿಸುತ್ತಾರೆ.

8. ಮೊದಲ ದಿನದ ಕ್ರಿಯಾಟಿನಿನ್ ನೋಡಿ ನಿರಾಳವಾಗಬೇಡಿ. ರಕ್ತ ತೆಳುವಾಗಿರುವುದರಿಂದ ಅಂಕಿ ಮೊದಲಿಗಿಂತ ಕಡಿಮೆಯೇ ಕಾಣಬಹುದು. ಪೆಟ್ಟು ಬಿದ್ದಿದ್ದರೂ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಬೇಕು. ಭಾವನದು ಮೊದಲ ಬೆಳಗ್ಗೆ 1.3 ಇತ್ತು, ಮೂರನೇ ದಿನ 2.1 ಆಯಿತು. ಆಮೇಲೆ ನಿಧಾನಕ್ಕೆ ಇಳಿದು, ಮನೆಗೆ ಬರುವಾಗ 1.5ಕ್ಕೆ ನಿಂತಿತು.

9. “ಕಿಡ್ನಿಗೆ ಏನಾದರೂ ಇಂಜೆಕ್ಷನ್ ಕೊಡಿ” ಎಂದು ಒತ್ತಾಯಿಸಬೇಡಿ. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ದೇಹದಲ್ಲಿ ನಿಂತ ನೀರನ್ನು ತೆಗೆಯುತ್ತದೆ, ಕಿಡ್ನಿಯನ್ನು ಕಾಯುವುದಿಲ್ಲ. ಒಂದು ಕಾಲಕ್ಕೆ ಎಲ್ಲೆಡೆ ಕೊಡುತ್ತಿದ್ದ ಕಡಿಮೆ ಪ್ರಮಾಣದ ಡೋಪಮಿನ್‌ನಿಂದಲೂ ಕಿಡ್ನಿಗೆ ರಕ್ಷಣೆ ಸಿಗಲಿಲ್ಲ. ಫಲ ಕೊಟ್ಟದ್ದು ಸಾದಾ ಎಚ್ಚರಗಳೇ: ರಕ್ತದೊತ್ತಡ ಬೀಳದಂತೆ ನೋಡುವುದು, ದ್ರವ ಹೆಚ್ಚೂ ಕಡಿಮೆಯೂ ಆಗದಂತೆ ಅಳೆಯುವುದು, ಸಕ್ಕರೆ ಏರದಂತೆ ತಡೆಯುವುದು, ಕಿಡ್ನಿಗೆ ಒಗ್ಗದ ಔಷಧಿ ದೂರವಿಡುವುದು. ಜರ್ಮನಿಯಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಚ್ಚು ಅಪಾಯದಲ್ಲಿದ್ದ ಹೃದಯ ಶಸ್ತ್ರಚಿಕಿತ್ಸೆಯ 276 ರೋಗಿಗಳಲ್ಲಿ ಈ ಎಚ್ಚರಗಳನ್ನು ಶಿಸ್ತಿನಿಂದ ಪಾಲಿಸಿದಾಗ ಕಿಡ್ನಿಗೆ ಪೆಟ್ಟು ಬಿದ್ದವರ ಪ್ರಮಾಣ ನೂರಕ್ಕೆ 72ರಿಂದ 55ಕ್ಕೆ ಇಳಿಯಿತು. 2024ರಲ್ಲಿ ಬಂದ ಮತ್ತೊಂದು ದೊಡ್ಡ ಅಧ್ಯಯನದಲ್ಲಿ ಅಮೈನೋ ಆಮ್ಲದ ಡ್ರಿಪ್‌ನಿಂದ 31.7 ಇದ್ದದ್ದು 26.9ಕ್ಕೆ ಬಂತು. ಇದು ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಡಯಾಲಿಸಿಸ್ ಎಂದೊಡನೆ ಬದುಕೇ ಮುಗಿಯಿತು ಎಂದು ಕುಸಿಯಬೇಡಿ. ದಿಢೀರ್ ಪೆಟ್ಟಿಗೆ ಮಾಡುವ ಡಯಾಲಿಸಿಸ್ ಎಷ್ಟೋ ಜನರಲ್ಲಿ ಕೆಲವು ದಿನ ಅಥವಾ ವಾರಗಳ ಊರುಗೋಲು. ಕಿಡ್ನಿ ಚೇತರಿಸಿಕೊಂಡ ಮೇಲೆ ಅದು ನಿಲ್ಲುತ್ತದೆ. ಆದರೆ ಡಯಾಲಿಸಿಸ್ ಬೇಕಾಗುವಷ್ಟು ಪೆಟ್ಟು ಗಂಭೀರವಾದದ್ದೇ, ಅದರಲ್ಲಿ ಎರಡು ಮಾತಿಲ್ಲ.

ಮನೆಗೆ ಬಂದ ಮೇಲೆ

10. ಡಿಸ್ಚಾರ್ಜ್ ಹಾಳೆಯಲ್ಲಿ ಮೂರು ಅಂಕಿ ಹುಡುಕಿ: ಆಪರೇಷನ್ನಿಗೆ ಮುಂಚಿನ ಕ್ರಿಯಾಟಿನಿನ್, ನಡುವೆ ಏರಿದ ಅತಿ ಹೆಚ್ಚಿನದು, ಮನೆಗೆ ಕಳಿಸಿದ ದಿನದ್ದು. ಬರೆದಿಲ್ಲವಾದರೆ ಆಸ್ಪತ್ರೆ ಬಿಡುವ ಮೊದಲೇ ಬರೆಸಿಕೊಳ್ಳಿ. ನಾಳೆ ಊರಿನ ಡಾಕ್ಟರಿಗೆ ತೋರಿಸುವಾಗ ಅವರಿಗೆ ಬೇಕಾಗುವುದು ಈ ಮೂರೇ.

11. ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಮೂರನೇ ತಿಂಗಳ ಪರೀಕ್ಷೆಯನ್ನು ತಪ್ಪಿಸಲೇಬೇಡಿ. ಅಷ್ಟು ಹೊತ್ತಿಗೂ ಸರಿಹೋಗದಿದ್ದರೆ ಅದು ದೀರ್ಘಕಾಲದ ಕಾಯಿಲೆಯ ಸಾಲಿಗೆ ಸೇರುತ್ತದೆ, ಕಿಡ್ನಿ ತಜ್ಞರ ಕೈಗೆ ಹೋಗಬೇಕು. ಇನ್ನೊಂದು ಮಾತು: ತಿಂಗಳುಗಟ್ಟಲೆ ಮಲಗಿ ಮೈ ಇಳಿದವರಲ್ಲಿ ಸ್ನಾಯು ಕರಗಿರುವುದರಿಂದ ಕ್ರಿಯಾಟಿನಿನ್ ಸುಳ್ಳೇ ಚೆನ್ನಾಗಿ ಕಾಣಬಹುದು. ಅನುಮಾನವಿದ್ದರೆ ‘ಸಿಸ್ಟಾಟಿನ್ ಸಿ’ ಎಂಬ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

12. ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ನಾಳ ತೆಗೆದ ಕಾಲು ಕೆಲವು ವಾರ ಊದಿಕೊಳ್ಳುವುದು ಸಾಮಾನ್ಯ. ಎರಡೂ ಕಾಲು ಊದಿ, ಬೆಳಗ್ಗೆ ಮುಖವೂ ಊದಿದ್ದರೆ ಹೃದಯ ಅಥವಾ ಕಿಡ್ನಿಯ ಕಡೆ ನೋಡಬೇಕು.

13. ನೀರು ಎಷ್ಟು ಕುಡಿಯಬೇಕು ಎಂಬುದನ್ನು ಅಂಕಿಯಲ್ಲಿ ಬರೆಸಿಕೊಳ್ಳಿ. “ಕಿಡ್ನಿಗೆ ನೀರು ಒಳ್ಳೇದು” ಎಂದು ದಿನಕ್ಕೆ ನಾಲ್ಕು ಲೀಟರ್ ಕುಡಿಸಿದರೆ ದುರ್ಬಲ ಹೃದಯ ಅದನ್ನು ತಾಳಲಾರದು.

14. ವಾಂತಿ, ಭೇದಿ, ಜೋರು ಜ್ವರ ಬಂದ ದಿನ ಬಿಪಿ ಮಾತ್ರೆ, ಮೂತ್ರದ ಮಾತ್ರೆ, ಮೆಟ್‌ಫಾರ್ಮಿನ್‌ಗಳನ್ನು ಎಂದಿನಂತೆ ನುಂಗುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಒಣಗಿದ ಮೈಯಲ್ಲಿ ಇವೇ ಮಾತ್ರೆಗಳು ಕಿಡ್ನಿಯನ್ನು ಕೆಡಿಸುತ್ತವೆ.

ಮನೆಮನೆಯಲ್ಲೂ ಆಗುವ ತಪ್ಪುಗಳು

ನೋವಿನ ಮಾತ್ರೆ. ಮೊದಲ ತಪ್ಪು ಇದೇ, ನಾವೂ ಮಾಡಿದ್ದು ಇದನ್ನೇ. ಮನೆಗೆ ಬಂದ ಮೂರನೇ ವಾರ ಭಾವನಿಗೆ ಮಂಡಿನೋವು ಕಾಡಿತು. ಅಕ್ಕ ಮೆಡಿಕಲ್ ಶಾಪಿನಿಂದ ಹಳೆಯ ಪರಿಚಯದ ಡೈಕ್ಲೋಫೆನಾಕ್ ತರಿಸಿದಳು. ದಿನಕ್ಕೆರಡರಂತೆ ಐದು ದಿನ. ಆರನೇ ದಿನ ಕಾಲು ಊದಿತು, ಕ್ರಿಯಾಟಿನಿನ್ 2.4. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನ್ಯಾಪ್ರಾಕ್ಸೆನ್ ಎಲ್ಲವೂ ಒಂದೇ ಕುಲ. ಕಿಡ್ನಿಯೊಳಗೆ ರಕ್ತ ತರುವ ನಾಳವನ್ನು ಇವು ಬಿಗಿಯುತ್ತವೆ. ಸಾರ್ಟನ್ ಮಾತ್ರೆ, ಮೂತ್ರದ ಮಾತ್ರೆ ಜೊತೆಗಿದ್ದರೆ ಪೆಟ್ಟು ಇನ್ನೂ ಹೆಚ್ಚು. ಬೈಪಾಸ್ ನೋವಿಗೆ ಈ ಕುಲದ ಮಾತ್ರೆ ಕೂಡದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪೆಟ್ಟಿಗೆಯ ಕಾಗದದ ಮೇಲೇ ಎಚ್ಚರಿಕೆ ಹಾಕಿಸಿದೆ. ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಹೃದಯಕ್ಕೆಂದು ಕೊಟ್ಟ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆ ವಿಷಯ, ಅದನ್ನು ಹೆದರಿ ನಿಲ್ಲಿಸಬೇಡಿ.

ಎಳನೀರು. ನೋಡಲು ಬರುವವರು ಪ್ರೀತಿಯಿಂದ ತರುವುದೇ ಇದನ್ನು. ಒಂದು ಲೋಟ ಎಳನೀರಿನಲ್ಲಿ ಒಂದು ಬಾಳೆಹಣ್ಣಿನಷ್ಟೋ ಅದಕ್ಕಿಂತ ಹೆಚ್ಚೋ ಪೊಟ್ಯಾಸಿಯಂ ಇದೆ. ಆರೋಗ್ಯವಂತ ಕಿಡ್ನಿ ಅದನ್ನು ಹೊರಹಾಕುತ್ತದೆ. ಪೆಟ್ಟು ತಿಂದ ಕಿಡ್ನಿಗೆ, ಅದೂ ಪ್ರಿಲ್, ಸಾರ್ಟನ್ ಅಥವಾ ಸ್ಪೈರೋನೋಲ್ಯಾಕ್ಟೋನ್ ಮಾತ್ರೆಯ ಜೊತೆಗೆ, ಅದು ಆಗದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಈಗಷ್ಟೇ ರಿಪೇರಿಯಾದ ಹೃದಯದ ಬಡಿತವೇ ತಪ್ಪುತ್ತದೆ. ಪೊಟ್ಯಾಸಿಯಂ ವರದಿ ನೋಡಿ ವೈದ್ಯರು ಹೂಂ ಎನ್ನುವವರೆಗೆ ಎಳನೀರು ಬೇಡ. ಬಿಪಿಗೆ ಒಳ್ಳೆಯದೆಂದು ಮಾರುವ ‘ಲೋ ಸೋಡಿಯಂ’ ಉಪ್ಪಿನಲ್ಲೂ ಸೋಡಿಯಂ ಬದಲಿಗೆ ತುಂಬಿರುವುದು ಪೊಟ್ಯಾಸಿಯಮ್ಮೇ.

ಕೊಲೆಸ್ಟ್ರಾಲ್‌ಗೆ ಬಿಂಬುಳಿ ರಸ. ಕರಾವಳಿಯ ಹಿತ್ತಲಲ್ಲಿ ಗೊಂಚಲು ಗೊಂಚಲಾಗಿ ಬಿಡುವ ಬಿಂಬುಳಿಯನ್ನು ಸಾರಿಗೆ, ಚಟ್ನಿಗೆ ಒಂದೆರಡು ಹಾಕುವುದು ಬೇರೆ. ಬ್ಲಾಕ್ ಕರಗುತ್ತದೆ ಎಂದು ಲೋಟಗಟ್ಟಲೆ ರಸ ಹಿಂಡಿ ಕುಡಿಯುವುದು ಬೇರೆ. ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟಿ, ಹೀಗೆ ಕುಡಿದವರ ಕಿಡ್ನಿ ಕೆಲವೇ ದಿನದಲ್ಲಿ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಧಾರೆಹುಳಿಯ ರಸಕ್ಕೂ ಇದೇ ಎಚ್ಚರಿಕೆ. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪುಡಿ, ಕಷಾಯ, ಭಸ್ಮಗಳನ್ನೂ ಆಪರೇಷನ್ನಿನ ನಂತರದ ಮೂರು ತಿಂಗಳು ಮುಟ್ಟಬೇಡಿ.

ನಿಲ್ಲಿಸಿದ ಮಾತ್ರೆಯನ್ನು ಮರೆತುಬಿಡುವುದು. ಆಪರೇಷನ್ನಿಗೆಂದು ನಿಲ್ಲಿಸಿದ ಪ್ರಿಲ್, ಸಾರ್ಟನ್, ಗ್ಲಿಫ್ಲೋಜಿನ್ ಮಾತ್ರೆಗಳು ದೀರ್ಘಾವಧಿಯಲ್ಲಿ ಕಿಡ್ನಿಯನ್ನೂ ಹೃದಯವನ್ನೂ ಕಾಯುವಂಥವು. ಆಸ್ಪತ್ರೆ ನಿಲ್ಲಿಸಿತು, ಊರಿನ ಡಾಕ್ಟರು ‘ಅವರು ನಿಲ್ಲಿಸಿದ್ದಾರೆ’ ಎಂದು ಸುಮ್ಮನಾದರು, ರೋಗಿ ಅದನ್ನು ಮತ್ತೆಂದೂ ತೆಗೆದುಕೊಳ್ಳಲಿಲ್ಲ. ಇದು ಬಹಳ ಕಡೆ ಆಗುತ್ತದೆ. ಮತ್ತೆ ಶುರುಮಾಡುವುದು ಯಾವಾಗ ಎಂದು ಪ್ರತಿ ಭೇಟಿಯಲ್ಲೂ ಕೇಳಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಅರ್ಧ ದಿನ ಕಳೆದರೂ ಮೂತ್ರ ಬಾರದಿದ್ದರೆ ಅಥವಾ ಬಹಳ ಕಡಿಮೆಯಾದರೆ. ಮಲಗಿದರೆ ಉಸಿರು ಕಟ್ಟಿದರೆ. ಮಾತಿನಲ್ಲಿ ಗೊಂದಲ, ವಿಪರೀತ ನಿದ್ದೆ, ನಿಲ್ಲದ ವಾಂತಿ ಇದ್ದರೆ. ಕೈಕಾಲಿನ ಬಲ ಉಡುಗಿ ಎದೆ ತಾಳ ತಪ್ಪಿ ಬಡಿದಂತಾದರೆ. ಜ್ವರದ ಜೊತೆಗೆ ಎದೆಯ ಅಥವಾ ಕಾಲಿನ ಗಾಯ ಕೆಂಪಾಗಿ ಒಸರತೊಡಗಿದರೆ, ಏಕೆಂದರೆ ಸೋಂಕು ಕಿಡ್ನಿಯನ್ನೂ ಎಳೆದುಕೊಂಡು ಹೋಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಭಾವನ ಕ್ರಿಯಾಟಿನಿನ್ ಈಗ 1.5. ಡೈಕ್ಲೋಫೆನಾಕ್ ನಿಲ್ಲಿಸಿದ ಮೇಲೆ ಇಳಿಯಲು ಐದು ವಾರ ಹಿಡಿಯಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೈಪಾಸ್ ಆಗಿದ್ದರೆ, ಇದನ್ನು ಓದಿ ಕೆಳಗಿಡುವ ಮೊದಲು ಅವರ ಡಿಸ್ಚಾರ್ಜ್ ಹಾಳೆ ತೆಗೆಯಿರಿ. ಆಪರೇಷನ್ ದಿನದಿಂದ ಮೂರು ತಿಂಗಳು ಎಣಿಸಿ, ಆ ತಾರೀಕಿಗೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ. ಅವತ್ತು ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಆಲ್ಬುಮಿನ್ ಮೂರನ್ನೂ ಮಾಡಿಸಿ.